ತಾರಾ ಬ್ಯಾಟರ್‌ಗೆ ದೀರ್ಘ ಒಪ್ಪಂದವೋ, ಗಿಡ್ಡ ಒಪ್ಪಂದವೋ?

ಅಮೆರಿಕದ ಬೇಸ್‌ಬಾಲ್ ತಂಡ ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ. ಮೊದಲು ವಯಸ್ಸು ನೋಡಿ. 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಾಗ ಬ್ಯಾಟರ್ ಹುವಾನ್ ಸೊಟೊ ಅವರಿಗೆ ಕೇವಲ 26 ವರ್ಷ. ಅಲ್ಲಿ ದೀರ್ಘಾವಧಿಗೆ ಅರ್ಥವಿತ್ತು. ಮೂವತ್ತು ದಾಟಿದವರಿಗೂ ಅಷ್ಟೇ ಉದ್ದದ ಒಪ್ಪಂದ ಕೊಟ್ಟರೆ, ಆಟ ಕುಂದಿದ ವರ್ಷಗಳಲ್ಲೂ ಪೂರ್ತಿ ಸಂಬಳ ತೆರಬೇಕಾಗುತ್ತದೆ. ನನಗೆ ಅದು ದೊಡ್ಡ ಅಪಾಯವಾಗಿಯೇ ಕಾಣುತ್ತದೆ.

ಅದೇ ಮೆಟ್ಸ್ 2025ರ ಫೆಬ್ರುವರಿಯಲ್ಲಿ 30 ವರ್ಷದ ಪೀಟ್ ಅಲೋನ್ಸೊ ಅವರಿಗೆ ಎರಡು ವರ್ಷಕ್ಕೆ 5.4 ಕೋಟಿ ಡಾಲರ್ ಕೊಡಲು ಒಪ್ಪಿತು. ಒಂದು ವರ್ಷದ ನಂತರ ಒಪ್ಪಂದದಿಂದ ಹೊರಬರುವ ಹಕ್ಕು ಆಟಗಾರನದು. ಅವರು ಚೆನ್ನಾಗಿ ಆಡಿದರು, ಹೊರನಡೆದರು. ಗಿಡ್ಡ ಒಪ್ಪಂದದಲ್ಲಿ ನಷ್ಟಕ್ಕೆ ಮಿತಿಯಿದೆ, ಆಟಗಾರ ಉಳಿಯುವ ಭರವಸೆಯಿಲ್ಲ.

ತಾರೆ ಆಡುವ ಸ್ಥಾನಕ್ಕೆ ನಿಮ್ಮ ಕಿರಿಯರ ತಂಡದಲ್ಲಿ ಹುಡುಗನೊಬ್ಬ ಸಿದ್ಧವಾಗುತ್ತಿದ್ದರೆ ಗಿಡ್ಡದ್ದೇ ಸಾಕು. ಯಾರೂ ಇಲ್ಲದಿದ್ದರೆ, ತಾರೆ ಇನ್ನೂ ಎಳೆಯನಾಗಿದ್ದರೆ, ದೀರ್ಘ ಒಪ್ಪಂದಕ್ಕೆ ಹಿಂಜರಿಯಬೇಡಿ.