ಸೆರಾಮಿಕ್ ಗ್ರಿಲ್‌ಗೆ ಬದಲಿ ಡಿಫ್ಲೆಕ್ಟರ್: ಬೀಡು, ಬಳಪದ ಕಲ್ಲು, ಕಾರ್ಡಿಯರೈಟ್

ಇದ್ದಿಲಿನ ಸೆರಾಮಿಕ್ ಗ್ರಿಲ್‌ನಲ್ಲಿ ಕೆಂಡಕ್ಕೂ ಜಾಲರಿಗೂ ನಡುವೆ ಕೂರುವ ಡಿಫ್ಲೆಕ್ಟರ್ ತಟ್ಟೆ ಕೆಂಡದ ನೇರ ಝಳವನ್ನು ತಡೆಯುತ್ತದೆ. ಬಿಸಿಗಾಳಿ ಅದರ ಅಂಚಿನಿಂದ ಮೇಲೇರಿ, ಗುಮ್ಮಟದಂಥ ಮುಚ್ಚಳಕ್ಕೆ ತಾಗಿ, ಬೇಯುವ ಪದಾರ್ಥವನ್ನು ಎಲ್ಲ ಕಡೆಯಿಂದ ಸುತ್ತುತ್ತದೆ. ಬಂಗಡೆ ಸುಡುವುದಕ್ಕೆ ಈ ತಟ್ಟೆ ಬೇಕಿಲ್ಲ. ಇಡೀ ಕೋಳಿಯನ್ನೋ ಬಾಳೆಲೆಯಲ್ಲಿ ಸುತ್ತಿದ ದಪ್ಪ ಇಸ್ವಾಣವನ್ನೋ ಸೀಯದಂತೆ ಬೇಯಿಸಬೇಕಾದರೆ ಇದಿಲ್ಲದೆ ಆಗದು. ಕಾರವಾರದ ನಮ್ಮ ಮನೆಯ ಗ್ರಿಲ್‌ನ ಮೂಲ ತಟ್ಟೆ ಸೀಳಿ ಎರಡಾದ ಮೇಲೆ, 14 ಇಂಚು ವ್ಯಾಸದ ಮೂರು ಬದಲಿ ತಟ್ಟೆಗಳನ್ನು ಒಂದೇ ಬಗೆಯ ಗೆರಟೆ ಇದ್ದಿಲಿನಲ್ಲಿ ಪರೀಕ್ಷಿಸಿದ್ದೇನೆ.

ಮೊದಲನೆಯದು 10 ಮಿ.ಮೀ. ದಪ್ಪದ ಬೀಡಿನ ತಟ್ಟೆ. ಬಿದ್ದರೆ ಹೊರತು ಒಡೆಯುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಆದರೆ ಕಬ್ಬಿಣ ಶಾಖವನ್ನು ಬೇಗ ದಾಟಿಸುವ ಲೋಹವಾದ್ದರಿಂದ, ಕೆಳಗಿನ ಕಾವು ಬಹುಬೇಗ ಮೇಲ್ಮೈಗೆ ಬಂದು ತಟ್ಟೆಯೇ ಇನ್ನೊಂದು ಕಾವಲಿಯಂತಾಗುತ್ತದೆ. ಮೀನಿನ ತಳ ಕಂದುವಷ್ಟರಲ್ಲಿ ಮೇಲ್ಭಾಗ ಇನ್ನೂ ಬೆಂದಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಕಡಲ ಗಾಳಿಯದು. ಎಣ್ಣೆ ಸವರಿ ಪಳಗಿಸಿದರೂ, ಕೆಂಡದ ಮೇಲೆ ಆ ಲೇಪ ಸುಟ್ಟುಹೋಗುತ್ತದೆ, ಮಳೆಗಾಲದಲ್ಲಿ ಅದು ತುಕ್ಕು ಹಿಡಿಯುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ತೂಕವೂ ಏಳು ಕಿಲೋ.

ಬಳಪದ ಕಲ್ಲಿನ ತಟ್ಟೆಯ ಮೇಲೆ ನನಗೆ ಹೆಚ್ಚು ಭರವಸೆಯಿತ್ತು. ಶಿರಸಿ ಕಡೆಯ ಹಳೆಯ ಮನೆಗಳಲ್ಲಿ ಇದೇ ಕಲ್ಲಿನ ಮರಿಗೆಗಳನ್ನು ನೋಡಿದವರಿಗೆ, ಕಾವನ್ನು ಹಿಡಿದಿಟ್ಟುಕೊಳ್ಳುವ ಅದರ ಶಕ್ತಿಯನ್ನು ವಿವರಿಸಬೇಕಿಲ್ಲ. ತೂಕಕ್ಕೆ ತೂಕ ಲೆಕ್ಕ ಹಾಕಿದರೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಶಾಖವನ್ನು ಅದು ಹೀರಿಕೊಳ್ಳುತ್ತದೆ. ಹಾಗಾಗಿಯೇ 25 ಮಿ.ಮೀ. ದಪ್ಪದ ತಟ್ಟೆ ಕಾಯುವಷ್ಟರಲ್ಲಿ ಇದ್ದಿಲು ಗಣನೀಯವಾಗಿ ಉರಿದುಹೋಗಿರುತ್ತದೆ. ಒಮ್ಮೆ ಕಾದ ಮೇಲೆ ಉಷ್ಣತೆ ಅಲುಗಾಡುವುದಿಲ್ಲ. ಇಡೀ ದಿನ ನಿಧಾನವಾಗಿ ಬೇಯಿಸುವವರಿಗೆ ಇದು ನಿಜಕ್ಕೂ ಒಳ್ಳೆಯದು. ಉಷ್ಣತೆ ಮಿತಿ ಮೀರಿದರೆ ಮಾತ್ರ ಗಾಳಿಕಿಂಡಿ ಮುಚ್ಚಿದರೂ ಬೇಗ ಇಳಿಯುವುದಿಲ್ಲ.

ಮೂರನೆಯದು ಕಾರ್ಡಿಯರೈಟ್, ಅಂದರೆ ಮೆಗ್ನೀಸಿಯಂ, ಅಲ್ಯುಮಿನಿಯಂ ಮತ್ತು ಸಿಲಿಕಾ ಸೇರಿದ ಸೆರಾಮಿಕ್. ಸೆರಾಮಿಕ್ ಸುಡುವ ಭಟ್ಟಿಗಳಲ್ಲಿ ಪಾತ್ರೆಗಳನ್ನಿಡುವ ಹಲಗೆಗಳನ್ನೂ, ಪಿಜ್ಜಾ ಕಲ್ಲುಗಳನ್ನೂ ಇದರಿಂದಲೇ ಮಾಡುತ್ತಾರೆ. ಸುಮಾರು 35 ಸೆಂ.ಮೀ. ತಟ್ಟೆಯ ಉಷ್ಣತೆ 300 ಡಿಗ್ರಿ ಏರಿದಾಗ ಕಬ್ಬಿಣ ಒಂದು ಮಿ.ಮೀ.ನಷ್ಟು ಹಿಗ್ಗಿದರೆ, ಕಾರ್ಡಿಯರೈಟ್ ಅದರ ಐದನೆಯ ಒಂದು ಭಾಗದಷ್ಟೇ ಹಿಗ್ಗುತ್ತದೆ. ಒಂದು ಮಗ್ಗುಲು ಕೆಂಡದಿಂದ ಕಾದು ಇನ್ನೊಂದು ಮಗ್ಗುಲು ತಣ್ಣಗಿದ್ದರೂ ಬೇಗ ಸೀಳದಿರುವುದಕ್ಕೆ ಇದೇ ಕಾರಣ. 15 ಮಿ.ಮೀ. ದಪ್ಪದ ತಟ್ಟೆ ಮೂರು ಕಿಲೋದ ಆಸುಪಾಸು ತೂಗುತ್ತದೆ, ಬೇಗ ಕಾಯುತ್ತದೆ, ಶಾಖವನ್ನು ನಿಧಾನವಾಗಿ ದಾಟಿಸುತ್ತದೆ. ಅದರ ಮೇಲೆ ಬೆಂದ ಇಸ್ವಾಣ ತಳದಿಂದ ಮೇಲಿನವರೆಗೆ ಒಂದೇ ಹದದಲ್ಲಿತ್ತು. ನಾನು ಉಳಿಸಿಕೊಂಡದ್ದು ಇದನ್ನೇ. ಕಂಪನಿಯ ಬಿಡಿಭಾಗವೇ ಆಗಬೇಕೆಂದಿಲ್ಲ, ಅಳತೆ ಸರಿಹೊಂದುವ ದುಂಡನೆಯ ಹಲಗೆ ಸಾಕು.

ಸತು ಲೇಪಿಸಿದ ತಗಡನ್ನು ಯಾರೂ ಬಳಸಬಾರದು. ಸತು 419 ಡಿಗ್ರಿಯಲ್ಲೇ ಕರಗುತ್ತದೆ, ಅದರ ಹೊಗೆ ಅಪಾಯಕಾರಿ. ಚಿರೆಕಲ್ಲು, ಮಂಗಳೂರು ಹಂಚು ಎರಡೂ ನೀರು ಕುಡಿಯುವಂಥವು, ಹಠಾತ್ತನೆ ಕಾದರೆ ಸಿಡಿಯಬಹುದು. ಕಾರ್ಡಿಯರೈಟ್ ಕೂಡ ತೇವ ಹೀರುತ್ತದೆಯಾದ್ದರಿಂದ, ಆಷಾಢದಲ್ಲಿ ಅದನ್ನು ಮೊದಲು ಸಣ್ಣ ಉರಿಯಲ್ಲಿ ಒಣಗಿಸಿಯೇ ಕಾವು ಏರಿಸಬೇಕು. ತಟ್ಟೆಯ ಸುತ್ತ ಒಂದರಿಂದ ಒಂದೂವರೆ ಇಂಚು ಸಂದು ಬಿಡಬೇಕು. ಕೊಬ್ಬು ಸೋರುವುದಕ್ಕೆ ಇಡುವ ತಟ್ಟೆಯನ್ನು ನೇರವಾಗಿ ಅದರ ಮೇಲೆ ಕೂರಿಸದೆ, ನಡುವೆ ಉಕ್ಕಿನ ನಟ್ಟುಗಳನ್ನಿಟ್ಟು ಎತ್ತರಿಸಿದರೆ ಸೋರಿದ ರಸ ಸೀಯುವುದಿಲ್ಲ.