ಎರಡು ಚಾನೆಲ್ ರೆಕಾರ್ಡಿಂಗ್ ಸೆಟ್ ಕೊಳ್ಳುವವರೇ, ಹತ್ತು ಸೆಕೆಂಡಿನ ಡೆಮೊ ನಂಬಬೇಡಿ

ಎರಡು ಆಂಟೆನಾ ಹಾಕಿ ಸಾಫ್ಟ್‌ವೇರ್ ರೇಡಿಯೋದಲ್ಲಿ (ಸಿಗ್ನಲ್ಲನ್ನು ಸಂಖ್ಯೆಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡುವ ಬೋರ್ಡಿನಲ್ಲಿ) ಒಟ್ಟಿಗೆ ರೆಕಾರ್ಡ್ ಮಾಡಬೇಕು ಅಂತಿದ್ದೀರಾ? "ಬೋರ್ಡು, ಲ್ಯಾಪ್‌ಟಾಪು, ಡಿಸ್ಕು ಎಲ್ಲ ಸೇರಿಸಿ ಟೆಸ್ಟ್ ಮಾಡಿರೋ ಸೆಟ್ ಕೊಡ್ತೀವಿ" ಎಂದು ಯಾರಾದರೂ ಹೇಳಿದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಾನು ಅಂಥದ್ದೇ ಒಂದು ಸೆಟ್ ತಗೊಂಡೆ. ಚೆನ್ನಾಗಿದ್ದ ಬೋರ್ಡನ್ನು ಕೆಟ್ಟಿದೆ ಎಂದು ರಿಪೇರಿ ಚಾರ್ಜು ಹಾಕಿದರು. ಆಮೇಲೆ ಹೊಸ ಬೋರ್ಡೇ ತಗೊಳ್ಳಿ ಎಂದರು. ಬೋರ್ಡಿಗೆ ಏನೂ ಆಗಿರಲಿಲ್ಲ.

ಬೋರ್ಡು ಯುಎಸ್‌ಆರ್‌ಪಿ ಬಿ210. ಒಳಗೆ ಎಡಿ9361 ಚಿಪ್, ಎರಡು ರಿಸೀವ್ ಚಾನೆಲ್, ಕಂಪ್ಯೂಟರಿಗೆ ಯುಎಸ್‌ಬಿ 3. ನನಗೆ ಬೇಕಿದ್ದದ್ದು ಪ್ಯಾಸಿವ್ ರಾಡಾರ್ ಪ್ರಯೋಗ. ಒಂದು ಆಂಟೆನಾ ಎಫ್‌ಎಂ ಟವರಿನ ಕಡೆಗೆ, ಇನ್ನೊಂದು ಆಕಾಶದ ಕಡೆಗೆ. ವಿಮಾನಕ್ಕೆ ಬಡಿದು ಬರುವ ಸಿಗ್ನಲ್ಲನ್ನು ನೇರ ಸಿಗ್ನಲ್ಲಿನ ಜೊತೆ ಹೋಲಿಸಿ ಡಾಪ್ಲರ್ (ವಿಮಾನದ ಚಲನೆಯಿಂದ ಆಗುವ ಫ್ರೀಕ್ವೆನ್ಸಿ ಬದಲಾವಣೆ) ನೋಡುವುದು. ಒಂದೇ ಸ್ಟೇಷನ್ ಸಾಕು ಅಂದರೆ ಸ್ಯಾಂಪಲ್ ರೇಟ್ (ಸಿಗ್ನಲ್ಲನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುವುದು) ತೀರಾ ಕಮ್ಮಿ ಸಾಕಾಗುತ್ತದೆ. ಆದರೆ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಇಡೀ ಬ್ಯಾಂಡ್ ಹಿಡಿದಿಟ್ಟುಕೊಂಡರೆ ಯಾವ ಸ್ಟೇಷನ್ ಬೇಕೋ ಅದನ್ನು ಆಮೇಲೆ ಆರಿಸಿಕೊಳ್ಳಬಹುದು. ಅದಕ್ಕೆ ಚಾನೆಲ್ಲಿಗೆ ಸೆಕೆಂಡಿಗೆ 25 ಮಿಲಿಯನ್ ಸ್ಯಾಂಪಲ್ ಎಂದು ಮೊದಲೇ ಹೇಳಿದ್ದೆ. "ಆರಾಮಾಗಿ ಆಗುತ್ತೆ ಸಾರ್" ಎಂದರು.

ಅಂಗಡಿಯಲ್ಲಿ ಡೆಮೊ ತೋರಿಸಿದ್ದು ಬೋರ್ಡಿನ ಡ್ರೈವರ್ ಯುಎಚ್‌ಡಿ ಜೊತೆ ಬರುವ ಬೆಂಚ್‌ಮಾರ್ಕ್ ರೇಟ್ ಪ್ರೋಗ್ರಾಂನಿಂದ. ಒಂದೂ ತಪ್ಪಿಲ್ಲದೆ ಓಡಿತು. ಅದರಲ್ಲಿ ಎರಡು ಚಾಲಾಕಿತನ ಇದೆ. ನಾವು ಬೇರೆ ಹೇಳದಿದ್ದರೆ ಅದು ಓಡುವುದೇ 10 ಸೆಕೆಂಡ್. ಮತ್ತೆ ಅದು ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. ಬಂದ ಸ್ಯಾಂಪಲ್ಲನ್ನು ಎಣಿಸಿ ಬಿಸಾಕುತ್ತದೆ, ಅಷ್ಟೇ.

ಮನೆಯಲ್ಲಿ ರೆಕಾರ್ಡ್ ಶುರು ಮಾಡಿದರೆ ಮೊದಲಿಗೆ ಎಲ್ಲ ಸರಿ. ಸ್ವಲ್ಪ ಹೊತ್ತಿಗೆ ಕಪ್ಪು ಟರ್ಮಿನಲ್ಲಿನಲ್ಲಿ ಒಂದೇ ಒಂದು "ಓ" ಬಿತ್ತು. ಮತ್ತೆ ಮೌನ. ಆಮೇಲೆ ಎರಡು. ಸ್ವಲ್ಪ ಹೊತ್ತು ಕಳೆದರೆ "ಓಓಓಓಓ" ಎಂದು ಸಾಲು ಸಾಲಾಗಿ ಸುರಿಯತೊಡಗಿತು. ಫೋನ್ ಮಾಡಿದರೆ, "ಅದು ವಾರ್ನಿಂಗ್ ಸಾರ್, ಫೈಲ್ ಬರ್ತಾ ಇದೆ ಅಲ್ವಾ? ಸುಮ್ನೆ ಬಿಡಿ" ಎಂಬ ಉತ್ತರ.

ಸುಮ್ನೆ ಬಿಡುವ ವಿಷಯ ಅಲ್ಲ ಅದು. "ಓ" ಎಂದರೆ ಓವರ್‌ಫ್ಲೋ. ಬೋರ್ಡ್ ಕಳಿಸುವಷ್ಟು ಬೇಗ ಕಂಪ್ಯೂಟರ್ ಎತ್ತಿಕೊಳ್ಳುತ್ತಿಲ್ಲ, ಸ್ಯಾಂಪಲ್ ಬಿದ್ದುಹೋದವು ಎಂದರ್ಥ. ಎರಡು ಚಾನೆಲ್ ಒಂದೇ ಸ್ಟ್ರೀಮರಿನಲ್ಲಿ (ಪ್ರೋಗ್ರಾಂ ಡ್ರೈವರಿನಿಂದ ಸ್ಯಾಂಪಲ್ ಎತ್ತಿಕೊಳ್ಳುವ ದಾರಿ) ಇದ್ದಾಗ ನಷ್ಟ ಇನ್ನೂ ಜಾಸ್ತಿ. ಎರಡೂ ಚಾನೆಲ್ ಜೋಡಿಯಾಗಿಯೇ ಇರಬೇಕಲ್ಲ, ಹಾಗಾಗಿ ಡ್ರೈವರ್ ಎರಡನ್ನೂ ನಿಲ್ಲಿಸಿ, ಬಫರ್ ಖಾಲಿ ಮಾಡಿ, ಸ್ವಲ್ಪ ಮುಂದಿನ ಒಂದು ಟೈಮ್ ಕೊಟ್ಟು ಮತ್ತೆ ಶುರು ಮಾಡುತ್ತದೆ. ಒಂದೊಂದು "ಓ"ಗೂ ಒಂದೊಂದು ತೂತು. ಸಾಮಾನ್ಯ ಫೈಲಿನಲ್ಲಿ ಆ ತೂತು ಕಾಣುವುದೇ ಇಲ್ಲ. ಮುಂದಿನ ಸ್ಯಾಂಪಲ್ ಹಿಂದಿನದಕ್ಕೆ ಅಂಟಿಕೊಂಡು ಕೂತಿರುತ್ತದೆ. ಆ ಜಾಗದಲ್ಲಿ ಫೇಸ್ (ಅಲೆಯ ಹಂತ) ಹಾರುತ್ತದೆ, ಡಾಪ್ಲರ್ ಕಲಸಿಹೋಗುತ್ತದೆ. ಹಾಡು ಕೇಳುವವರಿಗೆ ಸಣ್ಣ ಟಿಕ್ ಶಬ್ದ ಕೇಳಿಸಬಹುದು. ನನ್ನಂಥವರಿಗೆ ಆ ರೆಕಾರ್ಡಿಂಗೇ ದಂಡ.

ಎರಡು ಚಾನೆಲ್ಲಿಗೆ ಬೇರೆ ಬೇರೆ ಸ್ಟ್ರೀಮರ್ ಮಾಡಿಕೊಂಡಿದ್ದರೆ ಗತಿ ಇನ್ನೂ ಕಷ್ಟ. ಆಗ ತೂತುಗಳು ಬೇರೆ ಬೇರೆ ಕಡೆ ಬೀಳುತ್ತವೆ, ಜೋಡಿಯೇ ತಪ್ಪಿಹೋಗುತ್ತದೆ.

ದೂರು ಜೋರಾದಾಗ "ಎಫ್‌ಪಿಜಿಎ ಹೋಗಿರಬೇಕು" ಎಂದು, ಅಂದರೆ ಬೋರ್ಡಿನ ಇನ್ನೊಂದು ಮುಖ್ಯ ಚಿಪ್ ಕೆಟ್ಟಿದೆ ಎಂದು, ಬೋರ್ಡ್ ತರಿಸಿಕೊಂಡರು. ಬಿಲ್ ಜೊತೆ ವಾಪಸ್ ಬಂತು. "ಓ" ಹಾಗೇ ಇತ್ತು.

ತಪ್ಪು ಎಲ್ಲಿದೆ ಎಂದು ಹುಡುಕುವುದು ಕಷ್ಟವೇನಲ್ಲ, ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಬಿಡಿಸಬೇಕು ಅಷ್ಟೇ. ಬೆಂಚ್‌ಮಾರ್ಕ್ ರೇಟನ್ನೇ ಎರಡೂ ಚಾನೆಲ್, ನಿಮಗೆ ಬೇಕಾದ ರೇಟು, 600 ಸೆಕೆಂಡ್ ಎಂದು ಹೇಳಿ ಓಡಿಸಿ. ಕೊನೆಯಲ್ಲಿ ಎಷ್ಟು ಸ್ಯಾಂಪಲ್ ಬಂತು, ಎಷ್ಟು ಬಿತ್ತು, ಎಷ್ಟು ಓವರ್‌ರನ್ (ಓವರ್‌ಫ್ಲೋಗೇ ಇನ್ನೊಂದು ಹೆಸರು) ಎಂದು ಪಟ್ಟಿ ಬರುತ್ತದೆ. ಅಲ್ಲಿ ಬಿದ್ದದ್ದೂ ಓವರ್‌ರನ್ನೂ ಸೊನ್ನೆ ಬಂದರೆ ಬೋರ್ಡು, ಕೇಬಲ್ಲು, ಪ್ರೊಸೆಸರ್ ಮೂರೂ ಸರಿ. ಆಮೇಲೆ ರೆಕಾರ್ಡಿಂಗ್ ಪ್ರೋಗ್ರಾಂ ಓಡಿಸಿ, ಆದರೆ ರ್‍ಯಾಮ್‌ನಲ್ಲಿರುವ ಫೋಲ್ಡರಿಗೆ, ಹಿಡಿಸುವಷ್ಟು ಹೊತ್ತು ಮಾತ್ರ. ಅದೂ ಸರಿ ಹೋದರೆ ಉಳಿದದ್ದು ಡಿಸ್ಕ್ ಒಂದೇ. ನನ್ನದರಲ್ಲಿ, ಕೇಬಲ್ ಬದಲಿಸಿ ಬೋರ್ಡಿಗೆ ಪವರ್ ಅಡಾಪ್ಟರ್ ಹಾಕಿದ ಮೇಲೆ, ಮೊದಲ ಎರಡೂ ಸೊನ್ನೆ.

ಈಗ ಲೆಕ್ಕ ನೋಡಿ. ಬೋರ್ಡಿನಿಂದ ಒಂದು ಸ್ಯಾಂಪಲ್ಲಿಗೆ 4 ಬೈಟ್. 25 ಮಿಲಿಯನ್, ಎರಡು ಚಾನೆಲ್: ಸೆಕೆಂಡಿಗೆ 200 ಎಂಬಿ. ಗ್ನೂ ರೇಡಿಯೋ ಎಂಬ ಸಾಫ್ಟ್‌ವೇರಿನಲ್ಲಿ ಫೈಲ್ ಸಿಂಕ್ (ಫೈಲಿಗೆ ಬರೆಯುವ ಬ್ಲಾಕ್) ಇಟ್ಟು ಕಾಂಪ್ಲೆಕ್ಸ್ ಫ್ಲೋಟ್ (ದಶಮಾಂಶ ಸಂಖ್ಯೆಗಳ ಜೋಡಿ) ಆಗಿ ಬರೆದರೆ ಸ್ಯಾಂಪಲ್ಲಿಗೆ 8 ಬೈಟ್, ಅಂದರೆ 400 ಎಂಬಿ. ಹತ್ತು ನಿಮಿಷಕ್ಕೆ 240 ಜಿಬಿ! ಸೆಟ್ಟಿನವರು ಕೊಟ್ಟ ರೆಕಾರ್ಡಿಂಗ್ ಪ್ರೋಗ್ರಾಂನಲ್ಲಿ ಇದ್ದದ್ದು ಇದೇ. ಸುಮ್ನೆ ದುಪ್ಪಟ್ಟು ಭಾರ. ಬೋರ್ಡ್ ಕಳಿಸುವ 16 ಬಿಟ್ ಪೂರ್ಣಾಂಕದಲ್ಲೇ ಬರೆದರೆ ಮಾಹಿತಿ ಏನೂ ಕಳೆದುಹೋಗುವುದಿಲ್ಲ.

ಡಿಸ್ಕು ಯುಎಸ್‌ಬಿ ಡಬ್ಬಿಯಲ್ಲಿದ್ದ ಅಗ್ಗದ ಎಸ್‌ಎಸ್‌ಡಿ. ಡಬ್ಬಿಯ ಮೇಲೆ ಸೆಕೆಂಡಿಗೆ 500 ಎಂಬಿ ಎಂದು ದೊಡ್ಡದಾಗಿ ಬರೆದಿತ್ತು. ಸುಳ್ಳು ಅಂತಲ್ಲ. ಆದರೆ ಅಂಥ ಡಿಸ್ಕುಗಳಲ್ಲಿ ವೇಗವಾಗಿ ಬರೆಯುವ ಕ್ಯಾಶ್ ಜಾಗ ಒಂದಿಷ್ಟೇ ಇರುತ್ತದೆ. ಅದು ತುಂಬುವವರೆಗೆ ಓಟ, ಆಮೇಲೆ ತೆವಳುವುದು. ಅದರ ಮುಂದೆ ಲಿನಕ್ಸ್ ಬೇರೆ ಒಂದಷ್ಟನ್ನು ರ್‍ಯಾಮಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಸಂಪ್ ಖಾಲಿ ಇರುವವರೆಗೆ ಟ್ಯಾಂಕರ್ ನೀರು ಎಷ್ಟು ಜೋರಾಗಿ ಬಂದರೂ ಚೆಲ್ಲುವುದಿಲ್ಲವಲ್ಲ, ಹಾಗೆ. ಹಾಗಾಗಿ ಸಣ್ಣ ಡೆಮೊದಲ್ಲಿ ಈ ತೊಂದರೆ ಯಾವತ್ತೂ ಸಿಕ್ಕಿಬೀಳುವುದಿಲ್ಲ. ಲಿನಕ್ಸಿನ ಡಿಡಿ ಕಮಾಂಡಿನಲ್ಲಿ, ಕ್ಯಾಶ್ ಬಿಟ್ಟು ನೇರವಾಗಿ ಬರೆಯುವ ಆಯ್ಕೆ ಕೊಟ್ಟು, 100 ಜಿಬಿ ಬರೆಸಿ ವೇಗ ಎಲ್ಲಿ ಕುಸಿಯುತ್ತದೆ ನೋಡಿ. ಇನ್ನೊಂದು ತಮಾಷೆ: ಬೋರ್ಡೂ ಆ ಡಿಸ್ಕೂ ಲ್ಯಾಪ್‌ಟಾಪಿನ ಒಂದೇ ಯುಎಸ್‌ಬಿ ಕಂಟ್ರೋಲರಿಗೆ ಸಿಕ್ಕಿಸಿದ್ದವು.

ಕೇಬಲ್ ಬಗ್ಗೆಯೂ ಹೇಳಲೇಬೇಕು. ಬೋರ್ಡ್ ಶುರುವಾಗುವಾಗ ಯಾವ ಯುಎಸ್‌ಬಿಯಲ್ಲಿ ನಡೆಯುತ್ತಿದೆ ಎಂದು ಡ್ರೈವರ್ ಒಂದು ಸಾಲು ಬರೆಯುತ್ತದೆ. ಅವರು ಕೊಟ್ಟ ಉದ್ದನೆಯ ಕೇಬಲ್ಲಿನಲ್ಲಿ ಒಮ್ಮೊಮ್ಮೆ ಅಲ್ಲಿ ಯುಎಸ್‌ಬಿ 2 ಎಂದು ಬರುತ್ತಿತ್ತು. ಯುಎಸ್‌ಬಿ 2 ಪುಸ್ತಕದ ಲೆಕ್ಕದಲ್ಲೇ ಸೆಕೆಂಡಿಗೆ 60 ಎಂಬಿ, 200 ಎಲ್ಲಿ ಹಿಡಿಸುತ್ತದೆ? ಪ್ಲಗ್ಗಿನ ನೀಲಿ ಬಣ್ಣ ನೋಡಿ ನಂಬಬೇಡಿ, ಆ ಸಾಲು ನೋಡಿ. ಎರಡು ಚಾನೆಲ್ ಓಡಿಸುವಾಗ ಬೋರ್ಡಿಗೆ ಬೇರೆ ಪವರ್ ಅಡಾಪ್ಟರ್ ಹಾಕುವುದು ಒಳ್ಳೆಯದು. ನನ್ನ ಸೆಟ್ಟಿನಲ್ಲಿ ಅದು ಇರಲೇ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಇದ್ದರೆ ಪ್ರೊಸೆಸರ್ ನಿದ್ದೆಗಣ್ಣಲ್ಲಿರುತ್ತದೆ, ಚಾರ್ಜರ್ ಹಾಕಿ ಪರ್ಫಾರ್ಮೆನ್ಸ್ ಮೋಡ್‌ಗೆ ತನ್ನಿ.

ಎಲ್ಲ ಎರರ್ ಓವರ್‌ಫ್ಲೋ ಅಲ್ಲ ಎನ್ನುವುದೂ ಗೊತ್ತಿರಲಿ. ಎರಡು ಚಾನೆಲ್ಲಿಗೆ "ಈಗಲೇ ಶುರು ಮಾಡು" ಎಂದು ಕಮಾಂಡ್ ಕೊಟ್ಟರೆ ಡ್ರೈವರ್ ಒಪ್ಪುವುದಿಲ್ಲ, ಹಾಗೆ ಮಾಡಿದರೆ ಎರಡನ್ನೂ ಒಂದೇ ಟೈಮಿಗೆ ಕೂರಿಸಲಾಗದು ಎಂದು ಬೈಯುತ್ತದೆ. ಮುಂದಿನ ಒಂದು ಟೈಮ್ ಕೊಡಬೇಕು. ತೀರಾ ಹತ್ತಿರದ ಟೈಮ್ ಕೊಟ್ಟರೆ ಲೇಟ್ ಕಮಾಂಡ್ ಎರರ್. ಅರ್ಧ ಸೆಕೆಂಡ್ ಮುಂದಕ್ಕೆ ಕೊಟ್ಟು ರಿಸೀವ್ ಟೈಮ್‌ಔಟನ್ನು (ಸ್ಯಾಂಪಲ್ಲಿಗಾಗಿ ಪ್ರೋಗ್ರಾಂ ಕಾಯುವ ಹೊತ್ತು) ಅದರ ಮೂಲ 0.1 ಸೆಕೆಂಡಿನಲ್ಲೇ ಬಿಟ್ಟರೆ ಮೊದಲ ಸಲವೇ ಟೈಮ್‌ಔಟ್. ಇವೆಲ್ಲ ಕೋಡಿನ ವಿಷಯ. ಇದನ್ನು ತೋರಿಸಿ ಬೋರ್ಡ್ ಕೆಟ್ಟಿದೆ ಎಂದರೆ ಒಪ್ಪಬೇಡಿ.

ನಾನು ಬೋರ್ಡ್ ಇಟ್ಟುಕೊಂಡು, ಒಳಗೆ ಕೂರುವ ಒಳ್ಳೆಯ ಎನ್‌ವಿಎಂಇ ಡಿಸ್ಕ್ ಹಾಕಿದೆ, ಒಂದು ಮೀಟರಿನ ಕೇಬಲ್ ತಂದೆ. "ಓ" ನಿಂತಿತು. ರಿಪೇರಿ ದುಡ್ಡು ವಾಪಸ್ ಬರಲಿಲ್ಲ.

ಅದೇ ಸೆಟ್ಟು ಈಗಲೂ ಮಾರಾಟಕ್ಕಿದೆ. ಜಾಹೀರಾತಿನಲ್ಲಿ "ಎರಡೂ ಚಾನೆಲ್ 61.44" ಎಂದಿದೆ. ಸೆಕೆಂಡಿಗೆ 61.44 ಮಿಲಿಯನ್ ಸ್ಯಾಂಪಲ್ ಇರುವುದು ಒಂದು ಚಾನೆಲ್ಲಿಗೆ. ಎರಡೂ ಓಡಿಸಿದರೆ ತಲಾ 30.72 ಮಾತ್ರ. ಎಲ್ಲೇ ಕೊಂಡರೂ ನಿಮ್ಮ ರೇಟು, ನಿಮ್ಮ ಡಿಸ್ಕು, ಹತ್ತು ನಿಮಿಷ ನಿಮ್ಮ ಎದುರಿಗೇ ಓಡಿಸಲು ಹೇಳಿ. ಆಮೇಲೆ ಫೈಲ್ ಸೈಜನ್ನು ಲೆಕ್ಕಕ್ಕೆ ಹೊಂದಿಸಿ ನೋಡಿ. ಇಷ್ಟು ಸ್ಯಾಂಪಲ್ ಆದ ಮೇಲೆ ನಿಲ್ಲು ಎಂದು ಕೊಟ್ಟಿದ್ದರೆ ಸೈಜ್ ಸರಿಯಾಗಿಯೇ ಬರುತ್ತದೆ, ಅಂಥಲ್ಲಿ ಗಡಿಯಾರ ನೋಡಿಕೊಳ್ಳಿ. "ಅಷ್ಟು ಟೈಮ್ ಇಲ್ಲ ಸಾರ್" ಎಂದರೆ ಬೋರ್ಡ್ ಮಾತ್ರ ತಗೊಳ್ಳಿ, ಉಳಿದದ್ದು ಬೇರೆ ಕಡೆ.