ತಣ್ಣನೆಯ ಗಾಳಿಯೋ, ತಣ್ಣನೆಯ ಛಾವಣಿಯೋ: ಎರಡು ಮಹಡಿಗಳ ಹೋಲಿಕೆ

ಬೆಂಗಳೂರಿನ ಒಂದು ಕಚೇರಿ ಕಟ್ಟಡದಲ್ಲಿ ಎ.ಸಿ. ವ್ಯವಸ್ಥೆಯ ನಿರ್ವಹಣೆ ನನ್ನ ಹೊಣೆ. ಅಲ್ಲಿನ ಮೂರನೆಯ ಮಹಡಿಗೆ ಡಕ್ಟ್‌ಗಳ ಮೂಲಕ ತಂಪುಗಾಳಿ ಬರುತ್ತದೆ. ನಾಲ್ಕನೆಯದರಲ್ಲಿ ಕಾಂಕ್ರೀಟ್ ಛಾವಣಿಯೊಳಗೆ ಹೂತ ಕೊಳವೆಗಳಲ್ಲಿ ತಣ್ಣೀರು ಹರಿದು, ಛಾವಣಿಯೇ ಕೆಳಗಿನ ಜನರ, ಯಂತ್ರಗಳ ಶಾಖವನ್ನು ಹೀರಿಕೊಳ್ಳುತ್ತದೆ. ಮೂರು ವರ್ಷ ಎರಡನ್ನೂ ನಡೆಸಿ ನೋಡಿದ ಮೇಲೆ ನನ್ನ ಒಲವು ಛಾವಣಿಯ ಕಡೆಗಿದೆ, ಆದರೆ ಒಂದು ಷರತ್ತಿನೊಂದಿಗೆ.

ವಿದ್ಯುತ್ತಿನ ಮಟ್ಟಿಗೆ ಸಂದೇಹವೇ ಇಲ್ಲ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರುವುದರಿಂದ, ದೊಡ್ಡ ಫ್ಯಾನುಗಳ ಕೆಲಸದ ಬಹುಪಾಲನ್ನು ಸಣ್ಣ ಪಂಪು ಮಾಡಿ ಮುಗಿಸುತ್ತದೆ. ಗಾಳಿಯ ಪದ್ಧತಿಯಲ್ಲಿ ಆ ಗಾಳಿಯನ್ನು ತಂಪಾಗಿಸಲು ಚಿಲ್ಲರ್, ಅಂದರೆ ನೀರು ತಣಿಸುವ ಯಂತ್ರ, ಸುಮಾರು 7 ಡಿಗ್ರಿಯ ನೀರು ಕೊಡಬೇಕು, ಛಾವಣಿಗೆ 15–16 ಡಿಗ್ರಿ ಸಾಕು. ನೀರನ್ನು ಎಷ್ಟು ಕಡಿಮೆ ತಣಿಸುತ್ತೇವೆಯೋ ಕಂಪ್ರೆಸರಿಗೆ ಅಷ್ಟು ಹೊರೆ ತಪ್ಪುತ್ತದೆ. ಹೈದರಾಬಾದಿನ ಪೋಚಾರಂ ಆವರಣದಲ್ಲಿ ಇನ್ಫೋಸಿಸ್ 2011ರಲ್ಲಿ ಒಂದೇ ಕಟ್ಟಡದ ಎರಡು ಸಮಭಾಗಗಳಿಗೆ ಈ ಎರಡು ಪದ್ಧತಿಗಳನ್ನು ಅಳವಡಿಸಿ ಅಳೆದಾಗ, ಮೊದಲೆರಡು ವರ್ಷಗಳಲ್ಲಿ ಛಾವಣಿಯ ಭಾಗವು ತಂಪಿಗಾಗಿ ಸುಮಾರು ಶೇ. 34ರಷ್ಟು ಕಡಿಮೆ ವಿದ್ಯುತ್ ಬಳಸಿತು. ಎದುರು ಭಾಗದಲ್ಲಿದ್ದದ್ದೂ ಮಿತವ್ಯಯದ ಸುಸಜ್ಜಿತ ವ್ಯವಸ್ಥೆಯೇ ಆಗಿದ್ದರಿಂದ ಆ ಅಂತರಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಮೂರನೆಯ ಮಹಡಿಯಲ್ಲಿ ಗಾಳಿ ಬರುವ ಜಾಲರಿಗಳಿಗೆ ರಟ್ಟು ಅಂಟಿಸಿರುವುದನ್ನು ಪ್ರತಿ ವಾರವೂ ಕಾಣುತ್ತೇನೆ: ತಲೆಯ ಮೇಲೆಯೇ ಬೀಳುವ ತಂಪು ಒಬ್ಬರಿಗೆ ಸಹಿಸದು, ಅದೇ ರಟ್ಟಿನಿಂದ ಪಕ್ಕದವರಿಗೆ ಸೆಕೆ. ಮೇಲಿನ ಮಹಡಿಯಲ್ಲಿ ಈ ಜಗಳವಿಲ್ಲ. ಮೈಯ ಶಾಖ ನೇರವಾಗಿ ಛಾವಣಿಗೆ ಸೇರುವುದರಿಂದ ಗಾಳಿ 26 ಡಿಗ್ರಿಯಿದ್ದರೂ ಹಿತವೆನಿಸುತ್ತದೆ.

ಷರತ್ತು ತೇವಾಂಶದ್ದು. 24 ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಶೇ. 60 ಮುಟ್ಟಿದರೆ ಸುಮಾರು 16 ಡಿಗ್ರಿಯ ಮೇಲ್ಮೈಯಲ್ಲೇ ನೀರು ಹನಿಗಟ್ಟುತ್ತದೆ. ಆದ್ದರಿಂದ ಹೊರಗಿನ ಗಾಳಿಯನ್ನು ಒಣಗಿಸಿ ಒಳಬಿಡುವ ಪ್ರತ್ಯೇಕ ಯಂತ್ರವಿಲ್ಲದೆ ಛಾವಣಿಯ ಪದ್ಧತಿ ನಡೆಯದು. ಒಂದು ಜುಲೈ ಸಂಜೆ ಬೀಳ್ಕೊಡುಗೆ ಸಮಾರಂಭಕ್ಕೆಂದು ಯಾರೋ ಬಾಲ್ಕನಿಯ ಬಾಗಿಲಿಗೆ ಕಸದ ಬುಟ್ಟಿ ಒತ್ತುಕೊಟ್ಟು ತೆರೆದಿಟ್ಟಿದ್ದರು. ತೇವಾಂಶದ ಸೆನ್ಸರ್ ತಣ್ಣೀರಿನ ವಾಲ್ವನ್ನು ಮುಚ್ಚುವಷ್ಟರಲ್ಲಿ ಕವಲುಕೊಳವೆಯ ಹಿತ್ತಾಳೆಯ ಮೇಲೆ ಸಾಸಿವೆಯಷ್ಟು ಹನಿಗಳು ಸಾಲುಗಟ್ಟಿದ್ದವು. ಬಟ್ಟೆಯಿಂದ ಒರೆಸಿದ್ದು ಐದು ನಿಮಿಷದ ಕೆಲಸ. ಆದರೆ ತಣ್ಣೀರು ನಿಂತು ಬೆಚ್ಚಗಾದ ಕಾಂಕ್ರೀಟ್ ಮತ್ತೆ ತಣಿಯಲು ಮರುದಿನದ ಮಧ್ಯಾಹ್ನವಾಯಿತು. ಕೆಳಗಿನ ಮಹಡಿಯಾಗಿದ್ದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿತ್ತು.

ಹೀಗಾಗಿ ಜನರ ಸಂಖ್ಯೆ ಗಳಿಗೆಗೊಮ್ಮೆ ಏರಿಳಿಯುವ ಸಭಾಂಗಣಕ್ಕೆ, ಬಾಗಿಲು ಸದಾ ತೆರೆದು ಮುಚ್ಚುವ ಅಂಗಡಿಗೆ ನಾನು ಇಂದಿಗೂ ಗಾಳಿಯ ಪದ್ಧತಿಯನ್ನೇ ಸೂಚಿಸುತ್ತೇನೆ. ನಮ್ಮ ಮೂರನೆಯ ಮಹಡಿಯ ಸಿದ್ಧ ಕಾಂಕ್ರೀಟಿನೊಳಗೆ ಈಗ ಕೊಳವೆ ಹೂಳುವಂತಿಲ್ಲವಾದ್ದರಿಂದ, ಛಾವಣಿಯ ಕೆಳಗೆ ತೂಗುಹಾಕುವ, ಸ್ಲ್ಯಾಬಿಗಿಂತ ಬೇಗ ತಣಿಯುವ ಲೋಹದ ಪ್ಯಾನಲ್‌ಗಳನ್ನು ಅಲ್ಲಿನ ಒಂದು ಮೂಲೆಯಲ್ಲಿ ಹಾಕಿಸಲು ಕೇಳಿದ್ದೇನೆ.